ಹಳೆಯ ಕಡತದಿಂದ ಸರ್ವರಿಗೆ: ನಮ್ಮ ಹೆಸರುಗಳ ಸ್ಥಳಾಂತರ

ಸಂಘದ ಸದಸ್ಯರ ಯಾದಿ, ವಾಚನಾಲಯದ ಪುಸ್ತಕಪಟ್ಟಿ, ಸಹಕಾರಿ ಸಂಘದ ಷೇರುದಾರರ ಖಾತೆ ಮುಂತಾದವು ರಟ್ಟಿನ ರಿಜಿಸ್ಟರುಗಳಿಂದ ಕಂಪ್ಯೂಟರಿಗೆ ಏರಿದ ಕಾಲದಲ್ಲಿ, 1992ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ 'ಆಕ್ಸೆಸ್' ಅನೇಕರಿಗೆ ಆಸರೆಯಾಯಿತು. ಒಂದೇ ಕಡತದಲ್ಲಿ ಸಮಸ್ತ ಲೆಕ್ಕವೂ ಅಡಗುತ್ತಿದ್ದುದರಿಂದ ಅದು ಬಹು ಅನುಕೂಲವೆನಿಸಿತ್ತು. ಆದರೆ ಆ ಕಡತ 2 ಗಿಗಾಬೈಟಿಗಿಂತ ಹೆಚ್ಚು ಬೆಳೆಯಲಾರದು. ನಾಲ್ಕಾರು ಜನ ಒಟ್ಟಿಗೆ ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಕಡತವೇ ಕೆಡುವ ಭಯವೂ ಉಂಟು. ಸರ್ವರಿನಲ್ಲಾದರೋ ಕಡತವನ್ನು ಮುಟ್ಟುವ ಅಧಿಕಾರ ಒಂದೇ ತಂತ್ರಾಂಶಕ್ಕಿದ್ದು, ಉಳಿದವರೆಲ್ಲ ಅದನ್ನು ಕೇಳಿ ಪಡೆಯಬೇಕು. ಆದುದರಿಂದಲೇ ಈ ಸ್ಥಳಾಂತರ ಇಂದು ಅಗತ್ಯವಾಗಿದೆ.

ಅಂಕಿಗಳ ಸಾಗಾಟ ಅಷ್ಟೇನೂ ಕಷ್ಟವಲ್ಲ. ಆಕ್ಸೆಸ್‌ನಿಂದ ಎಸ್‌ಕ್ಯೂಎಲ್ ಸರ್ವರಿಗೆ ಸಾಗಿಸುವ ಸಾಧನವನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಉಚಿತವಾಗಿ ಒದಗಿಸುತ್ತದೆ. ಅಲ್ಲಲ್ಲಿ ಎಡವುವ ಕಲ್ಲುಗಳಿವೆ, ನಿಜ. 'ಹೌದು' ಎಂಬುದನ್ನು ಆಕ್ಸೆಸ್ -1 ಎಂದು ಬರೆದರೆ ಸರ್ವರು 1 ಎಂದು ಬರೆಯುತ್ತದೆ. 1975 ಎಂದು ಬರೆಯಹೋಗಿ ಯಾರೋ 197 ಎಂದು ಒತ್ತಿದ್ದರೆ ಆಕ್ಸೆಸ್ ಅದನ್ನು ಒಪ್ಪಿಕೊಂಡಿರುತ್ತದೆ; 1753ರಿಂದ ಮಾತ್ರ ಆರಂಭವಾಗುವ ಸರ್ವರಿನ ಹಳೆಯ ಬಗೆಯ ದಿನಾಂಕದ ಅಂಕಣವು ಒಪ್ಪದು. ಇವೆಲ್ಲ ತಿದ್ದಬಹುದಾದುವು.

ನಿಜವಾದ ಗಂಡಾಂತರವಿರುವುದು ಕನ್ನಡದ ಹೆಸರುಗಳಿಗೆ. 'ನುಡಿ'ಯ ಹಳೆಯ ಲಿಪಿಯಲ್ಲಿ ಬೆರಳಚ್ಚಿಸಿದ 'ಕ' ಅಕ್ಷರವು ಕಡತದೊಳಗೆ ಕನ್ನಡವಾಗಿ ಕುಳಿತಿಲ್ಲ. ಇಂಗ್ಲಿಷಿನ ದೊಡ್ಡ 'ಪಿ' ಮತ್ತು ತಲೆಯ ಮೇಲೆ ಓರೆಗೀಟಿರುವ 'ಎ' ಎಂಬ ಎರಡು ಗುರುತುಗಳಾಗಿ ಕುಳಿತಿದೆ. ಕನ್ನಡದ ವೇಷ ತೊಡಿಸುವುದು ಲಿಪಿಯ ಕೆಲಸ. 'ಯ'ಕಾರ ಇಂಗ್ಲಿಷಿನ 'ಎ'ಯಿಂದಲೂ ಅಕಾರ 'ಸಿ'ಯಿಂದಲೂ ಆರಂಭವಾಗುವುದರಿಂದ, ಅಕಾರಾದಿ ಪಟ್ಟಿ ಕೇಳಿದರೆ ಯಮುನಾಬಾಯಿಯವರು ಅನಂತರಾಯರಿಗಿಂತ ಮುಂದೆ ಬರುತ್ತಾರೆ! ಇಷ್ಟು ವರ್ಷ ಇದನ್ನು ಸಹಿಸಿಕೊಂಡು ಬಂದ ಗುಮಾಸ್ತರ ತಾಳ್ಮೆ ದೊಡ್ಡದು.

ಆದ್ದರಿಂದ ಸಾಗಿಸುವ ಮೊದಲು ಈ ಗುರುತುಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು. 'ಧರ್ಮ' ಎಂಬಲ್ಲಿ ಹಳೆಯ ಲಿಪಿ ಕಣ್ಣಿಗೆ ಕಾಣುವಂತೆ ಅರ್ಕಾವತ್ತನ್ನು 'ಮ'ದ ನಂತರ ಇಡುತ್ತದೆ. ಯೂನಿಕೋಡಾದರೋ ಉಚ್ಚಾರದಂತೆ ರೇಫವನ್ನು ಮೊದಲು ಇಡುತ್ತದೆ. ಈ ಸ್ಥಾನಪಲ್ಲಟವನ್ನು ಅರಿಯದ ಪರಿವರ್ತಕ ಹೆಸರನ್ನೇ ಕೆಡಿಸೀತು.

ಗಡಿನಾಡಿನ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ಪಟ್ಟಿಗಳು ಏಕಭಾಷೆಯವಲ್ಲ. ಒಂದು ಅಂಕಣದಲ್ಲಿ ಕನ್ನಡದ ಹೆಸರು, ಪಕ್ಕದಲ್ಲಿ ಮರಾಠಿಯದೋ ಮಲಯಾಳದ್ದೋ, ಮತ್ತೊಂದರಲ್ಲಿ ಇಂಗ್ಲಿಷ್ ವಿಳಾಸ. ಒಳಗೆ ಎಲ್ಲವೂ ಅವೇ ಇಂಗ್ಲಿಷ್ ಗುರುತುಗಳು; ಯಾವುದು ಯಾವ ಭಾಷೆಯದೆಂದು ಕಡತ ತಾನಾಗಿ ಹೇಳದು. ಇಡೀ ಕೋಷ್ಟಕವನ್ನು ಕನ್ನಡದ ಪರಿವರ್ತಕಕ್ಕೆ ಒಡ್ಡಿದರೆ ಸೊಲ್ಲಾಪುರದ ಇಂಗ್ಲಿಷ್ ವಿಳಾಸ ಅರ್ಥವಿಲ್ಲದ ಕನ್ನಡ ಅಕ್ಷರಗಳ ರಾಶಿಯಾಗುತ್ತದೆ. ಅಂಕಣ ಅಂಕಣವಾಗಿ ಭಾಷೆಯನ್ನು ಗುರುತಿಸಿಕೊಂಡೇ ಮುಂದುವರಿಯಬೇಕು. ಹಾಗೆ ಮಾಡಿದಲ್ಲಿ ಮೂರೂ ಭಾಷೆಗಳು ಒಂದೇ ಕೋಷ್ಟಕದಲ್ಲಿ ತಂತಮ್ಮ ನಿಜರೂಪದಲ್ಲಿ ನಿಲ್ಲುವುವು.

ಕಡೆಯ ಅಪಾಯ ಸರ್ವರಿನ ಬಾಗಿಲಲ್ಲಿದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ 'ವಾರ್‌ಕ್ಯಾರ್' ಎಂಬ ಸಾಮಾನ್ಯ ಅಂಕಣಕ್ಕೆ ಯೂನಿಕೋಡ್ ಕನ್ನಡವನ್ನು ತುಂಬಿದರೆ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. 'ಎನ್‌ವಾರ್‌ಕ್ಯಾರ್' ಅಂಕಣವನ್ನೋ, 2019ರ ಆವೃತ್ತಿಯಿಂದ ದೊರೆತ ಯುಟಿಎಫ್-8 ಏರ್ಪಾಡನ್ನೋ ಆರಿಸಿಕೊಳ್ಳಬೇಕು. ಯುಟಿಎಫ್-8ರಲ್ಲಿ 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ 18 ಬೈಟುಗಳು ಬೇಕೆಂಬುದನ್ನು ನೆನೆದು ಅಂಕಣದ ಅಗಲವನ್ನು ಧಾರಾಳವಾಗಿಡಬೇಕು. ದುರದೃಷ್ಟವೆಂದರೆ ಈ ನಾಶ ಸದ್ದಿಲ್ಲದೆ ನಡೆಯುತ್ತದೆ: ಸಾಲುಗಳ ಎಣಿಕೆ ಸರಿಯಾಗಿಯೇ ಇರುತ್ತದೆ, ಹೆಸರುಗಳು ಮಾತ್ರ ಇರುವುದಿಲ್ಲ. ಆ ಚಿಹ್ನೆಗಳಿಂದ ಹೆಸರನ್ನು ಮರಳಿ ಪಡೆಯುವ ಉಪಾಯವಿಲ್ಲ.

ಹಾಗಾಗಿ ಎಣಿಕೆಗೆ ತೃಪ್ತರಾಗದೆ, ಹೊಸ ಪಟ್ಟಿಯನ್ನು ಅಚ್ಚುಹಾಕಿಸಿ, ಊರಿನ ಮನೆತನಗಳನ್ನು ಬಲ್ಲ ಹಿರಿಯರೊಬ್ಬರಿಂದ ಓದಿಸುವುದು ಲೇಸು. ಹಳೆಯ ಕಡತದ ಪ್ರತಿಯೊಡನೆ ಅದರ ಲಿಪಿಯ ಕಡತವನ್ನೂ ತೆಗೆದಿರಿಸಬೇಕು. ಆ ಲಿಪಿಯಿಲ್ಲದ ಯಂತ್ರದಲ್ಲಿ ತೆರೆದರೆ ಅಜ್ಜಂದಿರ ಹೆಸರುಗಳು ಬರಿಯ ಇಂಗ್ಲಿಷ್ ಚಿಹ್ನೆಗಳಾಗಿಯೇ ಕಾಣುವುವು.