ಋತುಚಕ್ರದ ಲೆಕ್ಕ

ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವುದು ನಮ್ಮ ಮನೆಗಳಲ್ಲಿ ರೂಢಿ. ಮಗಳು ಮೈನೆರೆದ ಬಳಿಕ ಇಡಬೇಕಾದ ಇನ್ನೊಂದು ಲೆಕ್ಕವುಂಟು. ಅದನ್ನು ಮಾತ್ರ ಸಂಕೋಚದಿಂದ ಬಿಟ್ಟುಬಿಡುತ್ತೇವೆ.

ಲೆಕ್ಕದ ಕ್ರಮ ಸುಲಭ. ಸ್ರಾವ ಮೊದಲಾದ ದಿನವೇ ಋತುಚಕ್ರದ ಮೊದಲನೆಯ ದಿನ. ಮುಂದಿನ ಸ್ರಾವದ ಹಿಂದಿನ ದಿನ ಅದರ ಕೊನೆ. ಸ್ರಾವ ನಿಂತ ದಿನದಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಒಬ್ಬ ಬಾಲಿಕೆಗೆ ಜೂನ್ 4, ಜುಲೈ 6, ಆಗಸ್ಟ್ 3, ಸೆಪ್ಟೆಂಬರ್ 14ರಂದು ಮುಟ್ಟು ಮೊದಲಾಯಿತೆಂದು ಭಾವಿಸೋಣ. ಆಕೆಯ ಮೂರು ಚಕ್ರಗಳ ಅವಧಿ 32, 28 ಮತ್ತು 42 ದಿನಗಳು.

28 ದಿನವೇ ನಿಯಮವೆಂದು ನಂಬಿದ ತಾಯಿಗೆ ಇದರಿಂದ ಗಾಬರಿಯಾಗಬಹುದು. ಆದರೆ ಮೊದಲ ಕೆಲವು ವರ್ಷಗಳಲ್ಲಿ 21ರಿಂದ 45 ದಿನಗಳ ಅವಧಿ ಸಹಜವೇ. ಇದಕ್ಕೆ ಕಾರಣವುಂಟು. ಮಿದುಳಿನ ಹೈಪೊಥಲಮಸ್ ಪಿಟ್ಯೂಟರಿ ಗ್ರಂಥಿಗೂ, ಪಿಟ್ಯೂಟರಿ ಅಂಡಾಶಯಕ್ಕೂ ಹಾರ್ಮೋನುಗಳ ಮೂಲಕ ಸಂದೇಶ ಕಳುಹಿಸುತ್ತವೆ. ಅಂಡಾಶಯವೂ ತನ್ನ ಹಾರ್ಮೋನುಗಳಿಂದ ಮರುತ್ತರ ಕೊಡುತ್ತದೆ. ಈ ವ್ಯವಹಾರ ಹದಕ್ಕೆ ಬರಲು ಎರಡು ಮೂರು ವರ್ಷ ಹಿಡಿಯಬಹುದು. ಅಂಡ ಬಿಡುಗಡೆಯಾದ ಮೇಲೆ 12ರಿಂದ 16 ದಿನಗಳಲ್ಲಿ ಮುಟ್ಟಾಗುವುದೆಂದು ಜಪಾನಿನ ವೈದ್ಯ ಕ್ಯುಸಾಕು ಓಗಿನೊ 1924ರಲ್ಲಿ ಪ್ರಕಟಿಸಿದನು. ಎಳೆಯ ವಯಸ್ಸಿನ ಅನೇಕ ಚಕ್ರಗಳಲ್ಲಿ ಅಂಡವೇ ಬಿಡುಗಡೆಯಾಗದು. ಆದ್ದರಿಂದ ಸ್ರಾವಕ್ಕೆ ಈ ಗಡುವೂ ಇರದು.

ಹಾಗಾದರೆ ಲೆಕ್ಕವೇಕೆ? ಸಹಜವಾದ ಏರುಪೇರನ್ನು ಅಸಹಜದಿಂದ ಬೇರ್ಪಡಿಸುವುದಕ್ಕಾಗಿ. ನಾಡಿ, ರಕ್ತದೊತ್ತಡಗಳಂತೆ ಋತುಚಕ್ರವನ್ನೂ ಆರೋಗ್ಯದ ಮುಖ್ಯ ಲಕ್ಷಣವೆಂದು ಎಣಿಸಬೇಕೆಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗತಜ್ಞರ ಕಾಲೇಜು 2015ರಲ್ಲಿ ಸಲಹೆಯಿತ್ತಿತು. ಚಕ್ರ 21 ದಿನಕ್ಕಿಂತ ಮೊದಲೇ ಮರಳುತ್ತಿದ್ದರೆ, ಒಮ್ಮೆಯಾದರೂ 90 ದಿನ ಮೀರಿದರೆ, ಸ್ರಾವ 7 ದಿನ ದಾಟಿದರೆ, ಒಂದೆರಡು ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡು ಬದಲಾಯಿಸಬೇಕಾದರೆ ವೈದ್ಯರನ್ನು ಕಾಣಬೇಕು. ಅತಿಸ್ರಾವದಿಂದ ದೇಹದ ಕಬ್ಬಿಣಾಂಶ ಸೋರಿ ರಕ್ತಹೀನತೆ ಉಂಟಾಗುತ್ತದೆ. ಮೆಟ್ಟಿಲೇರಿದರೆ ಏದುಸಿರು ಬಿಡುವ, ಪಾಠದಲ್ಲಿ ತೂಕಡಿಸುವ ಹುಡುಗಿಯನ್ನು ನಾವು ಸೋಮಾರಿಯೆಂದು ಗದರಿಸುತ್ತೇವೆ. ನಿಜವಾದ ಕಾರಣ ಆ ಬರೆಯದ ಲೆಕ್ಕದಲ್ಲಿ ಅಡಗಿರಬಹುದು.

ಆದ್ದರಿಂದ ತಾರೀಖು, ಸ್ರಾವದ ದಿನಗಳು, ಅದರ ಪ್ರಮಾಣ, ನೋವು, ಇವಿಷ್ಟನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಲಿ. ಮೊದಲ ಎರಡು ತಿಂಗಳು ತಾಯಿ ಜೊತೆಯಲ್ಲಿ ಕುಳಿತು ಎಣಿಸುವುದನ್ನು ಕಲಿಸಿದರೆ ಸಾಕು. ಬಳಿಕ ಪುಸ್ತಕ ಮಗಳದು. ತನ್ನ ದೇಹದ ಲೆಕ್ಕವನ್ನು ತಾನೇ ಬಲ್ಲವಳಿಗೆ ವೈದ್ಯರ ಮುಂದೆ ಮಾತು ತಡವರಿಸದು.