‘ಮನೆಯಿಂದ ದೂರ ಇನ್ನೊಂದು ಮನೆ’: ಅಮೆರಿಕದ ವಿದ್ಯಾರ್ಥಿಗಳು ಫ್ರಟರ್ನಿಟಿ ಸೇರುವುದೇಕೆ?

ಅಮೆರಿಕದ ಯಾವುದಾದರೂ ವಿಶ್ವವಿದ್ಯಾಲಯದ ಫ್ರಟರ್ನಿಟಿಯ ಸದಸ್ಯರ ಪುಟ ತೆರೆದು ನೋಡಿ. ಕೋಟು, ಟೈ ಹಾಕಿಕೊಂಡು ನಗುತ್ತಿರುವ ಹುಡುಗರ ಸಾಲು ಸಾಲು ಫೋಟೊ. ಪ್ರತಿ ಫೋಟೊದ ಕೆಳಗೆ ನಾಲ್ಕೈದು ಸಾಲಿನ ಪರಿಚಯ. ಹೆಸರು, ಊರು, ಎಷ್ಟನೇ ವರ್ಷ, ಏನು ಓದುತ್ತಿದ್ದಾನೆ, ಬಿಡುವಿದ್ದಾಗ ಏನು ಮಾಡುತ್ತಾನೆ. ಕೊನೆಗೆ ಒಂದು ಪ್ರಶ್ನೆಗೆ ಉತ್ತರ: ಇಲ್ಲಿಗೆ ಯಾಕೆ ಸೇರಿದೆ?

ಹತ್ತು ಪರಿಚಯ ಓದುವಷ್ಟರಲ್ಲಿ ಉತ್ತರಗಳೆಲ್ಲ ಒಂದೇ ಅನ್ನಿಸಲು ಶುರುವಾಗುತ್ತದೆ. ಮನೆಯಿಂದ ದೂರ ಇನ್ನೊಂದು ಮನೆ ಸಿಕ್ಕಿತು. ಜೀವನಪೂರ್ತಿ ಉಳಿಯುವ ಅಣ್ಣತಮ್ಮಂದಿರು ಸಿಕ್ಕರು. ನಾಯಕತ್ವ ಕಲಿತೆ. ಮೊದಲು ನನಗೆ ಇಷ್ಟವಿರಲಿಲ್ಲ, ಇಲ್ಲಿನವರನ್ನು ಭೇಟಿಯಾದ ಮೇಲೆ ಮನಸ್ಸು ಬದಲಾಯಿತು. ಮಾತುಗಳು ಸ್ವಲ್ಪ ಆಚೀಚೆ ಆಗಬಹುದು, ಸಾರ ಇಷ್ಟೇ.

ಮಕ್ಕಳನ್ನು ಬಿಎಸ್ ಓದಲು ಅಮೆರಿಕಕ್ಕೆ ಕಳಿಸಿರುವ ಮುಂಬೈ, ಪುಣೆ, ಹೈದರಾಬಾದ್‌ನ ಕನ್ನಡಿಗ ಅಪ್ಪ ಅಮ್ಮಂದಿರಿಗೆ ಒಂದು ದಿನ ಫೋನಿನಲ್ಲಿ ಈ ಮಾತು ಕೇಳಿಬರಬಹುದು: ‘ಅಮ್ಮ, ನಾನು ಫ್ರಟರ್ನಿಟಿ ಸೇರಬೇಕು ಅಂತಿದ್ದೀನಿ.’ ಅದು ಕ್ಲಬ್ಬೋ, ಹಾಸ್ಟೆಲ್ಲೋ, ಸಂಘವೋ? ಸೇರಿದರೆ ಒಳ್ಳೆಯದೋ ಕೆಟ್ಟದ್ದೋ? ಆ ನಾಲ್ಕೈದು ಸಾಲಿನ ಪರಿಚಯದಲ್ಲಿ ಏನಿದೆ, ಏನಿಲ್ಲ ಎಂದು ನೋಡಿದರೆ ಸುಮಾರಾಗಿ ಅರ್ಥವಾಗುತ್ತದೆ.

ಏನಿದು ಫ್ರಟರ್ನಿಟಿ?

ಲ್ಯಾಟಿನ್‌ನಲ್ಲಿ ‘ಫ್ರಾಟರ್’ ಎಂದರೆ ಸಹೋದರ. ನಮ್ಮ ಸಂಸ್ಕೃತದ ‘ಭ್ರಾತೃ’ವಿಗೂ ಅದಕ್ಕೂ ಮೂಲ ಒಂದೇ. ಹುಡುಗರ ಸಂಘ ಫ್ರಟರ್ನಿಟಿ, ಹುಡುಗಿಯರದ್ದು ಸೊರೊರಿಟಿ. ಹೆಸರುಗಳು ಗ್ರೀಕ್ ಅಕ್ಷರಗಳಲ್ಲಿ ಇರುವುದರಿಂದ ಇವೆಲ್ಲಕ್ಕೂ ಒಟ್ಟಾಗಿ ‘ಗ್ರೀಕ್ ಲೈಫ್’ ಎನ್ನುತ್ತಾರೆ. ಗ್ರೀಸ್ ದೇಶಕ್ಕೂ ಇದಕ್ಕೂ ಬೇರೆ ಸಂಬಂಧವಿಲ್ಲ.

ಗ್ರೀಕ್ ಅಕ್ಷರದ ಮೊದಲ ಸಂಘ ‘ಫೈ ಬೀಟಾ ಕಪ್ಪಾ’ 1776ರಲ್ಲಿ ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಆಗ ಅದು ಗುಪ್ತ ಸಂಘ. ಈಗ ಅದು ಓದಿನಲ್ಲಿ ಮುಂದಿರುವವರಿಗೆ ಸಿಗುವ ಗೌರವ. ಹೆಸರು ಒಂದೇ ಥರ ಇದೆಯೆಂದು ಪಾರ್ಟಿ ಮಾಡುವ ಫ್ರಟರ್ನಿಟಿ ಅಂದುಕೊಳ್ಳಬೇಡಿ, ಮಗ ಫೈ ಬೀಟಾ ಕಪ್ಪಾಗೆ ಆಯ್ಕೆಯಾದರೆ ಸಿಹಿ ಹಂಚಬಹುದು. ಇವತ್ತಿನ ಅರ್ಥದ ಫ್ರಟರ್ನಿಟಿ ಶುರುವಾಗಿದ್ದು 1825ರಲ್ಲಿ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನ ‘ಕಪ್ಪಾ ಆಲ್ಫಾ ಸೊಸೈಟಿ’ಯಿಂದ.

ಸೇರುವುದು ಎಂದರೆ ಫಾರಂ ತುಂಬಿ ಫೀಸು ಕಟ್ಟುವುದಲ್ಲ. ಸೆಮಿಸ್ಟರ್ ಆರಂಭದಲ್ಲಿ ‘ರಶ್’ ನಡೆಯುತ್ತದೆ. ಹೊಸಬರು ಒಂದೊಂದೇ ಸಂಘದ ಕಾರ್ಯಕ್ರಮಕ್ಕೆ ಹೋಗಿ ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ, ಹಳಬರು ಅಳೆದು ನೋಡುತ್ತಾರೆ. ಇಷ್ಟವಾದವರಿಗೆ ‘ಬಿಡ್’ ಅಂದರೆ ಆಹ್ವಾನ ಬರುತ್ತದೆ. ಒಪ್ಪಿಕೊಂಡವರು ಕೆಲವು ವಾರ ‘ಪ್ಲೆಡ್ಜ್’ ಆಗಿರುತ್ತಾರೆ. ಸಂಘದ ಇತಿಹಾಸ, ನಿಯಮ, ಹಳೆಯ ಸದಸ್ಯರ ಹೆಸರು ಬಾಯಿಪಾಠ ಮಾಡಬೇಕು. ಪ್ರತಿ ಹೊಸಬನಿಗೆ ಒಬ್ಬ ‘ಬಿಗ್ ಬ್ರದರ್’ ಇರುತ್ತಾನೆ. ಕೊನೆಗೆ ಗುಟ್ಟಿನ ದೀಕ್ಷೆ. ಅದಾದ ಮೇಲೆಯೇ ಪುಟದಲ್ಲಿ ಫೋಟೊ.

ಸೆಕ್ಷನ್ ಇಲ್ಲದ ಕಾಲೇಜು

ಯಾಕೆ ಸೇರುತ್ತಾರೆ ಎಂಬ ಪ್ರಶ್ನೆಗೆ ನಾನು ಕಂಡುಕೊಂಡ ದೊಡ್ಡ ಉತ್ತರ ಪರಿಚಯದ ಸಾಲುಗಳಲ್ಲಿ ಇಲ್ಲ. ಅದು ಅಮೆರಿಕದ ಕಾಲೇಜಿನ ಟೈಮ್‌ಟೇಬಲ್‌ನಲ್ಲಿದೆ.

ನಮ್ಮಲ್ಲಿ ಎಂಜಿನಿಯರಿಂಗ್‌ಗೆ ಸೇರಿದ ದಿನವೇ ನಿಮಗೊಂದು ಸೆಕ್ಷನ್ ಸಿಗುತ್ತದೆ. ‘ಬಿ’ ಸೆಕ್ಷನ್‌ನ ಅದೇ ಅರವತ್ತು ಜನರ ಜೊತೆ ಕೂತು ಪಾಠ ಕೇಳುತ್ತೀರಿ, ಲ್ಯಾಬ್ ಮಾಡುತ್ತೀರಿ, ಬಂಕ್ ಹೊಡೆಯುತ್ತೀರಿ. ನೀವು ಯಾರೊಂದಿಗೂ ಮಾತಾಡದ ಸ್ವಭಾವದವರಾದರೂ ನಾಲ್ಕು ವರ್ಷದಲ್ಲಿ ಹತ್ತು ಜನ ಗೆಳೆಯರು ತಾವಾಗಿಯೇ ಆಗಿರುತ್ತಾರೆ. ಅಮೆರಿಕದಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ವಿಷಯಗಳನ್ನು ತಾನೇ ಆರಿಸಿಕೊಳ್ಳುತ್ತಾನೆ. ಬೆಳಿಗ್ಗೆ ಗಣಿತದ ತರಗತಿಯಲ್ಲಿ ಒಂದು ಗುಂಪು, ಮಧ್ಯಾಹ್ನ ಅರ್ಥಶಾಸ್ತ್ರದಲ್ಲಿ ಇನ್ನೊಂದು ಗುಂಪು, ಮುಂದಿನ ಸೆಮಿಸ್ಟರ್‌ಗೆ ಎಲ್ಲರೂ ಬೇರೆ. ಮೂವತ್ತು, ನಲವತ್ತು ಸಾವಿರ ವಿದ್ಯಾರ್ಥಿಗಳಿರುವ ಕ್ಯಾಂಪಸ್‌ನಲ್ಲಿ ಯಾರೂ ನಿಮ್ಮ ಬ್ಯಾಚ್‌ನವರಲ್ಲ. ಎಷ್ಟೋ ಕಡೆ ಹಾಸ್ಟೆಲ್ ಕೋಣೆಯೂ ಮೊದಲ ವರ್ಷಕ್ಕೆ ಮಾತ್ರ ಖಾತ್ರಿ. ಆಮೇಲೆ ಎಲ್ಲಿರುತ್ತೀರಿ, ಯಾರ ಜೊತೆ ಇರುತ್ತೀರಿ ಎನ್ನುವುದು ನಿಮ್ಮ ಪಾಡು.

ಅಂಥ ಕಡೆ ನಲವತ್ತು ಜನ ನಿಮ್ಮ ಹೆಸರು ಹಿಡಿದು ಕರೆಯುವ, ಊಟಕ್ಕೆ ಬಾ ಎನ್ನುವ ಒಂದು ಮನೆ ಸಿಕ್ಕರೆ ಹದಿನೆಂಟು ವರ್ಷದ ಹುಡುಗ ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತಾನೆ? ‘ಮನೆಯಿಂದ ದೂರ ಇನ್ನೊಂದು ಮನೆ’ ಎನ್ನುವುದು ಸವಕಲು ಮಾತಾದರೂ ಸುಳ್ಳಲ್ಲ. ಊರು ಬಿಟ್ಟು ಬಂದವರು ಮುಂಬೈಯಲ್ಲೋ ದೆಹಲಿಯಲ್ಲೋ ಕನ್ನಡ ಸಂಘದ ಮೆಟ್ಟಿಲು ಹತ್ತುವುದಕ್ಕೂ, ಅಲ್ಲಿ ‘ನಿಮ್ಮದು ಯಾವೂರು?’ ಎಂದು ಯಾರೋ ಕೇಳಿದಾಗ ಖುಷಿಯಾಗುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಉದ್ಯೋಗದ ಲೆಕ್ಕಾಚಾರವೂ ಇದೆ. ಹಳೆಯ ಸದಸ್ಯರು ಕಂಪನಿಗಳಲ್ಲಿ, ವಕೀಲಿಕೆಯಲ್ಲಿ, ರಾಜಕೀಯದಲ್ಲಿ ಇರುತ್ತಾರೆ, ಅವರ ನಂಬರ್ ಸಿಗುತ್ತದೆ. ಜಾರ್ಜ್ ಡಬ್ಲ್ಯು. ಬುಷ್ ಯೇಲ್‌ನಲ್ಲಿ ‘ಡೆಲ್ಟಾ ಕಪ್ಪಾ ಎಪ್ಸಿಲಾನ್’ ಸದಸ್ಯರಾಗಿದ್ದರು. ಕಮಲಾ ಹ್ಯಾರಿಸ್ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ‘ಆಲ್ಫಾ ಕಪ್ಪಾ ಆಲ್ಫಾ’ ಎಂಬ ಸೊರೊರಿಟಿ ಸೇರಿದ್ದರು. 1908ರಲ್ಲಿ ಕಪ್ಪು ವಿದ್ಯಾರ್ಥಿನಿಯರು ಕಟ್ಟಿದ ಆ ಸಂಘದ ಮಹಿಳೆಯರು ಅವರ ಚುನಾವಣೆಗಳಲ್ಲಿ ಬೆನ್ನಿಗೆ ನಿಂತರು.

ದೇಸಿ ಫ್ರಟರ್ನಿಟಿಗಳು

ಬಿಳಿಯರ ಫ್ರಟರ್ನಿಟಿಗಳ ಬಾಗಿಲು ಬಹುಕಾಲ ಬೇರೆಯವರಿಗೆ ಮುಚ್ಚಿತ್ತು. ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ‘ಆಲ್ಫಾ ಫೈ ಆಲ್ಫಾ’ ಕಟ್ಟಿಕೊಂಡರು. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅದರ ಸದಸ್ಯರು.

ಭಾರತೀಯ ಮೂಲದವರ ಸರದಿ ಬಂದಿದ್ದು 1990ರ ದಶಕದಲ್ಲಿ. 1965ರ ವಲಸೆ ಕಾಯ್ದೆಯ ನಂತರ ಹೋದ ಡಾಕ್ಟರು, ಎಂಜಿನಿಯರುಗಳ ಮಕ್ಕಳು ಆ ಹೊತ್ತಿಗೆ ಕಾಲೇಜಿಗೆ ಬಂದಿದ್ದರು. 1994ರಲ್ಲಿ ಬಿಂಗ್‌ಹ್ಯಾಂಟನ್‌ನಲ್ಲಿ ‘ಅಯೋಟಾ ನ್ಯೂ ಡೆಲ್ಟಾ’ ಹುಟ್ಟಿತು. ಮೂರು ಅಕ್ಷರ ಇಂಗ್ಲಿಷಿಗೆ ತಂದು ಜೋಡಿಸಿದರೆ ಐ-ಎನ್-ಡಿ. 1996ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ‘ಸಿಗ್ಮಾ ಬೀಟಾ ರೋ’, 1998ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ‘ಡೆಲ್ಟಾ ಎಪ್ಸಿಲಾನ್ ಸೈ’, 1999ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಬೀಟಾ ಕೈ ಥೀಟಾ’. ದಕ್ಷಿಣ ಏಷ್ಯಾದ ಹುಡುಗಿಯರ ಸೊರೊರಿಟಿಗಳೂ ಇದೇ ಸುಮಾರಿಗೆ ಬಂದವು.

ಇವುಗಳಲ್ಲಿ ಪರಿಚಯ ಎನ್ನುವುದು ದೊಡ್ಡ ಪ್ರದರ್ಶನ. ಕಪ್ಪು ಫ್ರಟರ್ನಿಟಿಗಳಿಂದ ಬಂದ ಪದ್ಧತಿಯಂತೆ ಹೊಸಬರ ತಂಡಕ್ಕೆ ‘ಲೈನ್’ ಎಂದು ಹೆಸರು. ದೀಕ್ಷೆಯ ನಂತರ ಎಲ್ಲರೂ ಒಂದೇ ಥರದ ಉಡುಪು ತೊಟ್ಟು ಸಾಲಾಗಿ ಜನರ ಮುಂದೆ ಬರುತ್ತಾರೆ. ಎಷ್ಟೋ ಕಡೆ ಮುಖವೂ ಮುಚ್ಚಿರುತ್ತದೆ. ಒಬ್ಬೊಬ್ಬರಾಗಿ ಮುಖ ತೋರಿಸಿ, ಗಂಟಲು ಹರಿಯುವಂತೆ ಹೆಸರು, ಸಾಲಿನಲ್ಲಿ ತಮ್ಮ ನಂಬರು, ಸಂಘ ಇಟ್ಟ ಹೊಸ ಹೆಸರು ಕೂಗಿ ಹೇಳುತ್ತಾರೆ. ಮನೆಯಲ್ಲಿ ಅಮೆರಿಕನ್, ಕಾಲೇಜಿನಲ್ಲಿ ಇಂಡಿಯನ್ ಅನ್ನಿಸಿಕೊಂಡು ಬೆಳೆದ ಹುಡುಗನಿಗೆ ಆ ಕ್ಷಣದ ಬೆಲೆ ಏನಿರಬಹುದು ಎಂದು ಊಹಿಸಬಹುದು. ಹೊರಗಿನವರಿಗೆ ಅದು ತಮಾಷೆಯಾಗಿ ಕಾಣುತ್ತದೆ, ಅದು ಬೇರೆ ಮಾತು.

ಪರಿಚಯದಲ್ಲಿ ಯಾರೂ ಬರೆಯದ ಕಾರಣ

ಅಮೆರಿಕದಲ್ಲಿ ಮದ್ಯಕ್ಕೆ ಕಾನೂನಿನ ವಯಸ್ಸು 21. ಕಾಲೇಜಿಗೆ ಬರುವವರ ವಯಸ್ಸು 18. ಈ ಮೂರು ವರ್ಷದ ಅಂತರದಲ್ಲಿ ಕುಡಿಯಲು ಸಿಗುವ ಜಾಗ ಫ್ರಟರ್ನಿಟಿ ಮನೆಯ ನೆಲಮಾಳಿಗೆ. ಬಾರ್‌ಗೆ ಹೋದರೆ ಐಡಿ ಕೇಳುತ್ತಾರೆ, ಇಲ್ಲಿ ಕೇಳುವುದಿಲ್ಲ. ಎಲ್ಲ ಸಂಘಗಳೂ ಹೀಗೆ ಎಂದು ಹೇಳಲಾಗದು. ಆದರೆ ಕ್ಯಾಂಪಸ್‌ನ ಪಾರ್ಟಿಗಳು ಈ ಮನೆಗಳಲ್ಲೇ ನಡೆಯುವುದಕ್ಕೆ ಇದು ಮುಖ್ಯ ಕಾರಣ.

2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್‌ನ ‘ಬೀಟಾ ಥೀಟಾ ಪೈ’ ಮನೆಯಲ್ಲಿ ಹೊಸಬರ ಸ್ವಾಗತದ ರಾತ್ರಿ 19 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಸ್ವಲ್ಪ ಹೊತ್ತಿನಲ್ಲೇ ವಿಪರೀತ ಕುಡಿಸಲಾಯಿತು. ಆತ ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದ. ‘ಬ್ರದರ್’ಗಳು ಸಹಾಯಕ್ಕೆ ಫೋನ್ ಮಾಡಿದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಕಾಲ ಮಿಂಚಿತ್ತು. ಮನೆಯೊಳಗಿನ ಕ್ಯಾಮೆರಾಗಳಲ್ಲಿ ಬಹುಪಾಲು ದಾಖಲಾಗಿತ್ತು. ನಿಯಮದ ಪ್ರಕಾರ ಆ ಮನೆಯಲ್ಲಿ ಮದ್ಯವೇ ಇರುವಂತಿರಲಿಲ್ಲ.

ಇನ್ನೊಂದು ಪ್ರಕರಣ ನಮಗೆ ಹೆಚ್ಚು ಹತ್ತಿರದ್ದು. ‘ಪೈ ಡೆಲ್ಟಾ ಸೈ’ ಏಷ್ಯನ್ ಅಮೆರಿಕನ್ನರ ಫ್ರಟರ್ನಿಟಿ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬರೂಕ್ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯನ್ನು ಪೆನ್ಸಿಲ್ವೇನಿಯಾದ ಬೆಟ್ಟಕ್ಕೆ ಕರೆದೊಯ್ದು, ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಮರಳಿನ ಚೀಲ ಹೊರಿಸಿ, ಮತ್ತೆ ಮತ್ತೆ ಓಡಿಬಂದು ಕೆಡವಿದರು. ಅಮೆರಿಕದಲ್ಲಿ ಏಷ್ಯನ್ನರು ಎದುರಿಸುವ ಕಷ್ಟಕ್ಕೆ ಇದು ಸಂಕೇತವಂತೆ. ಹುಡುಗನಿಗೆ ಎಚ್ಚರ ತಪ್ಪಿದಾಗ ಆಸ್ಪತ್ರೆಗೆ ಕರೆದೊಯ್ಯಲು ತಡಮಾಡಿದರು, ಆತ ಬದುಕಲಿಲ್ಲ. 2018ರಲ್ಲಿ ನ್ಯಾಯಾಲಯ ಆ ಫ್ರಟರ್ನಿಟಿಯನ್ನು ಪೆನ್ಸಿಲ್ವೇನಿಯಾದಿಂದ 10 ವರ್ಷ ನಿಷೇಧಿಸಿತು. ಒಂಟಿತನ ನೀಗಲಿ ಎಂದು ಕಟ್ಟಿದ ಸಂಘ ಅದು.

ಹೊಸಬರನ್ನು ಹೀಗೆ ಹಿಂಸಿಸುವುದಕ್ಕೆ ಅಲ್ಲಿ ‘ಹೇಜಿಂಗ್’ ಎನ್ನುತ್ತಾರೆ. ದಶಕಗಳಿಂದ ಇದರ ಲೆಕ್ಕ ಇಟ್ಟಿರುವ ಪತ್ರಕರ್ತ ಹ್ಯಾಂಕ್ ನ್ಯೂವರ್ ಪ್ರಕಾರ 1959ರಿಂದ 2021ರವರೆಗೆ ಹೇಜಿಂಗ್‌ನಿಂದ ಒಂದಾದರೂ ಸಾವು ಸಂಭವಿಸದ ವರ್ಷವಿಲ್ಲ.

ನಮ್ಮ ‘ಇಂಟ್ರೊ’

ಇದನ್ನು ಓದಿ ‘ಅಮೆರಿಕದವರ ಹುಚ್ಚಾಟ’ ಎನ್ನುವ ಹಾಗಿಲ್ಲ. ನಾನು ಪದವಿಗೆ ಸೇರಿದ ಮೊದಲ ವಾರ ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಸೀನಿಯರ್‌ಗಳು ಬಾಗಿಲು ಬಡಿದು ‘ಇಂಟ್ರೊ ಕೊಡು’ ಎಂದಿದ್ದರು. ಹೆಸರು, ಊರು, ಪಿಯುಸಿ ಪರ್ಸೆಂಟೇಜು, ಈ ಕಾಲೇಜಿಗೆ ಯಾಕೆ ಬಂದೆ. ಮೂರು ಸಲ ಹೇಳಿಸಿದರು, ಮೂರನೇ ಸಲ ಕುರ್ಚಿಯ ಮೇಲೆ ನಿಲ್ಲಿಸಿ. ಅವರಲ್ಲೇ ಒಬ್ಬರು ಮುಂದೆ ಪರೀಕ್ಷೆಗೆ ನೋಟ್ಸ್ ಕೊಟ್ಟರು, ಜ್ವರ ಬಂದಾಗ ಮೆಸ್‌ನಿಂದ ಗಂಜಿ ತಂದುಕೊಟ್ಟರು. ಗಂಜಿ ನೆನಪಿದ್ದವರು ಕುರ್ಚಿಯನ್ನು ಮರೆಯುತ್ತಾರೆ. ಮುಂದಿನ ವರ್ಷ ಬಾಗಿಲು ಬಡಿಯಲು ಹೊರಟಿದ್ದು ನಮ್ಮ ಬ್ಯಾಚ್‌ನವರೇ.

ನಮ್ಮಲ್ಲಿ ಇದು ರ್ಯಾಗಿಂಗ್. ಕರ್ನಾಟಕದ 1983ರ ಶಿಕ್ಷಣ ಕಾಯ್ದೆ ಇದನ್ನು ನಿಷೇಧಿಸುತ್ತದೆ. ಹಿಮಾಚಲ ಪ್ರದೇಶದಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಬಲಿಯಾದ 2009ರಲ್ಲೇ ಯುಜಿಸಿ ದೇಶಕ್ಕೆಲ್ಲ ಅನ್ವಯಿಸುವ ನಿಯಮ ತಂದಿತು. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ನಮ್ಮ ಹಾಸ್ಟೆಲ್ ಹುಡುಗ ರ್ಯಾಗಿಂಗನ್ನು ಕೇಳಿ ಪಡೆಯುವುದಿಲ್ಲ. ಅಲ್ಲಿ ಪ್ಲೆಡ್ಜ್ ತಾನಾಗಿ ಒಪ್ಪಿ ಬಂದಿರುತ್ತಾನೆ, ಸೇರಲೇಬೇಕು ಎಂದು ವಾರಗಟ್ಟಲೆ ಕಾದಿರುತ್ತಾನೆ. ಹಾಗಾಗಿ ‘ಬೇಡ’ ಎನ್ನುವುದು ಇನ್ನೂ ಕಷ್ಟ.

ಸೇರುವ ಮುನ್ನ

ಮೊದಲು ಒಂದು ಗೊಂದಲ ಪರಿಹರಿಸಿಕೊಳ್ಳಿ. ಬೆಂಗಳೂರಿನಿಂದ ಎಂಎಸ್‌ಗೆ ಹೋಗುವವರಿಗೆ ಈ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ, ಫ್ರಟರ್ನಿಟಿಗಳು ಹೆಚ್ಚಾಗಿ ಪದವಿ ವಿದ್ಯಾರ್ಥಿಗಳದ್ದು. ಹುಡುಗ, ಹುಡುಗಿಯರಿಬ್ಬರೂ ಸೇರಬಹುದಾದ ವೃತ್ತಿಪರ ಫ್ರಟರ್ನಿಟಿಗಳೂ ಇವೆ. ಬಿಸಿನೆಸ್ ಓದುವವರಿಗೆ ‘ಆಲ್ಫಾ ಕಪ್ಪಾ ಸೈ’, ಎಂಜಿನಿಯರಿಂಗ್‌ನವರಿಗೆ ‘ಥೀಟಾ ಟಾವ್’ ಇಂಥವು.

ಖರ್ಚು ಕೇಳಿ. ಸೆಮಿಸ್ಟರ್‌ಗೆ ಕೆಲವು ನೂರು ಡಾಲರ್‌ನಿಂದ, ಮನೆಯಲ್ಲೇ ವಾಸವಿದ್ದರೆ ಸಾವಿರಾರು ಡಾಲರ್‌ವರೆಗೆ ಹೋಗಬಹುದು. ಪ್ಲೆಡ್ಜ್ ಅವಧಿ ಎಷ್ಟು ವಾರ, ರಾತ್ರಿ ಎಷ್ಟು ಹೊತ್ತಿನವರೆಗೆ, ಫೋನ್ ಜೊತೆಗಿಟ್ಟುಕೊಳ್ಳಲು ಬಿಡುತ್ತಾರೆಯೇ ಎಂದೂ ಕೇಳಿ. ದೀಕ್ಷೆಗೆ ಮೊದಲು ಯಾವಾಗ ಬೇಕಾದರೂ ಬಿಟ್ಟು ಬರಬಹುದು ಎನ್ನುವುದು ಮಗನಿಗೆ ಗೊತ್ತಿರಲಿ. ನಾಚಿಕೆಯಿಂದ ಬಿಡದೆ ಉಳಿಯುವವರೇ ಹೆಚ್ಚು.

ಈಗ ಇನ್ನೊಂದು ಅನುಕೂಲವಿದೆ. 2024ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ‘ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್’ ಪ್ರಕಾರ, ಹೇಜಿಂಗ್ ನಿಯಮ ಮುರಿದಿದ್ದು ಸಾಬೀತಾದ ಸಂಘಗಳ ವಿವರವನ್ನು ಕಾಲೇಜುಗಳು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು. ಸಂಘದ ಹೆಸರು, ಏನು ನಡೆಯಿತು, ಯಾವಾಗ ನಡೆಯಿತು, ಏನು ಕ್ರಮ ಕೈಗೊಂಡರು ಎಲ್ಲವೂ ಅದರಲ್ಲಿರಬೇಕು. ಮಗ ಫೋನಿನಲ್ಲಿ ಹೇಳಿದ ಆ ಗ್ರೀಕ್ ಹೆಸರಿನ ಸ್ಪೆಲಿಂಗ್ ಬರೆದಿಟ್ಟುಕೊಳ್ಳಿ. ನಗುವ ಫೋಟೊಗಳ ಪುಟ ಒಂದು ಟ್ಯಾಬ್‌ನಲ್ಲಿ, ಈ ವರದಿ ಪಕ್ಕದ ಟ್ಯಾಬ್‌ನಲ್ಲಿ ತೆರೆದಿಟ್ಟುಕೊಂಡು ಓದಿ, ಆಮೇಲೆ ಅವನಿಗೆ ವಾಪಸ್ ಫೋನ್ ಮಾಡಿ.