ತಪ್ಪು ತೋರಿಸಿದ ಥರ್ಮಾಮೀಟರ್



ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಬರ್ಮಿಂಗ್‌ಹ್ಯಾಮ್‌ನಿಂದ ಬಂದಿದ್ದ ಗೆಳೆಯರೊಬ್ಬರು ತಮ್ಮ ಮಗನ ಸ್ಕೂಲಿನ ವಿಷಯ ತೆಗೆದರು. "ವಿಜ್ಞಾನದ ಕ್ಲಾಸಿಗೆ ಅಂತ ಬೆಂಕಿಪೊಟ್ಟಣದಷ್ಟಗಲದ ಒಂದು ಸರ್ಕ್ಯೂಟ್ ಬೋರ್ಡ್ ಕೊಟ್ಟಿದ್ದಾರೆ ಮಾರಾಯ. ಇವನು ಅದರಲ್ಲಿ ಹೃದಯದ ಚಿತ್ರ ಮಿನುಗಿಸುತ್ತಾ ಕೂತಿರುತ್ತಾನೆ. ಇದು ಪಾಠವೋ ಆಟವೋ? ನೀನು ಸಾಫ್ಟ್‌ವೇರಿನವನಲ್ಲವೇ, ಹೇಳು" ಎಂದರು. ಅಷ್ಟರಲ್ಲಿ ತಟ್ಟೆಗೆ ಬಿಸಿಬೇಳೆ ಬಾತ್ ಬಿತ್ತು. "ಎರಡೂ" ಎಂದು ಹೇಳಿ ಆ ಹೊತ್ತಿಗೆ ತಪ್ಪಿಸಿಕೊಂಡೆ! ಆದರೆ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು. ನಮ್ಮಲ್ಲಿ ಬಹಳಷ್ಟು ತಂದೆತಾಯಿಗಳಿಗೆ ಇದೇ ಅನುಮಾನ ಇರಬಹುದು ಎನ್ನಿಸಿ ಈ ಬರಹ.

ಆ ಬೋರ್ಡಿನ ಹೆಸರು ಮೈಕ್ರೋಬಿಟ್. ಬಿಬಿಸಿ 2015ರಲ್ಲಿ ಈ ಯೋಜನೆಯನ್ನು ಘೋಷಿಸಿತು. 2016ರ ಮಾರ್ಚ್‌ನಿಂದ ಇಯರ್ ಸೆವೆನ್ ಮಕ್ಕಳಿಗೆ, ಅಂದರೆ 11-12 ವರ್ಷದವರಿಗೆ, ತಲಾ ಒಂದರಂತೆ ಪುಕ್ಕಟೆಯಾಗಿ ಹಂಚಲಾಯಿತು. ಗುರಿ ಇದ್ದದ್ದು ಹತ್ತು ಲಕ್ಷ ಬೋರ್ಡುಗಳದ್ದು. ನಮ್ಮ ಉತ್ತರದ ಕಡೆಯವರು ಸ್ವಲ್ಪ ಹೆಮ್ಮೆಪಡಬಹುದಾದ ಸಂಗತಿಯೆಂದರೆ, ಇದರ ತಯಾರಿಕೆಯ ಉಸ್ತುವಾರಿ ವಹಿಸಿದ್ದು ಲೀಡ್ಸ್‌ನ ಫಾರ್ನೆಲ್ ಕಂಪನಿ, ಒಳಗಿನ ಮೂಲ ತಂತ್ರಾಂಶ ಬರೆದದ್ದು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು. 2020ರಲ್ಲಿ ಮೈಕ್ ಮತ್ತು ಸ್ಪೀಕರ್ ಇರುವ ಹೊಸ ಆವೃತ್ತಿ ಬಂತು. 2023ರಲ್ಲಿ ಪ್ರೈಮರಿ ಶಾಲೆಗಳಿಗೂ ಸುಮಾರು 7 ಲಕ್ಷ ಬೋರ್ಡುಗಳನ್ನು ಉಚಿತವಾಗಿ ಕೊಡುವ ಕಾರ್ಯಕ್ರಮ ಶುರುವಾಯಿತು.

ಒಳಗೇನಿದೆ? 25 ಪುಟ್ಟ ಕೆಂಪು ದೀಪಗಳು, ಎರಡು ಬಟನ್, ಅಲುಗಾಟ ಅಳೆಯುವ ಸೆನ್ಸರ್, ದಿಕ್ಸೂಚಿಯ ಹಾಗೆ ಕೆಲಸ ಮಾಡುವ ಕಾಂತ ಸೆನ್ಸರ್. ಬೆಳಕನ್ನು ಅಳೆಯಲು ಬೇರೆ ಸೆನ್ಸರ್ ಇಲ್ಲ, ಆ ಕೆಂಪು ದೀಪಗಳನ್ನೇ ಉಲ್ಟಾ ಬಳಸಿಕೊಂಡು ಬೆಳಕು ಎಷ್ಟಿದೆ ಎಂದು ಕಂಡುಕೊಳ್ಳುತ್ತದೆ (ಇಂಜಿನಿಯರ್ ಆದ ನನಗೆ ತುಂಬಾ ಇಷ್ಟವಾದ ಜಿಪುಣತನ ಇದು). ಮೊದಲ ಆವೃತ್ತಿಯ ಮೆಮೊರಿ ಬರೀ 16 ಕಿಲೋಬೈಟ್. ಬಹಳ ಕಡಿಮೆ ಅನ್ನಿಸಿತೇ? 1948ರ ಜೂನ್ 21ರಂದು ಮ್ಯಾಂಚೆಸ್ಟರ್‌ನಲ್ಲಿ ಓಡಿದ 'ಬೇಬಿ' ಕಂಪ್ಯೂಟರಿನ ಮೆಮೊರಿ 128 ಬೈಟ್. ಒಂದು ಕೋಣೆ ತುಂಬುತ್ತಿದ್ದ ಆ ಬೇಬಿಗಿಂತ ಈ ಬೆಂಕಿಪೊಟ್ಟಣದ ಮೆಮೊರಿ 128 ಪಟ್ಟು! ಬೇಬಿಯ ಪ್ರತಿಕೃತಿ ಮ್ಯಾಂಚೆಸ್ಟರಿನ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂನಲ್ಲಿದೆ.

ವಿಜ್ಞಾನದ ತರಗತಿಗೆ ಕಂಪ್ಯೂಟರ್ ತರುವ ಆಸೆ ಬಿಬಿಸಿಗೆ ಹೊಸದಲ್ಲ. 1981ರ ಕೊನೆಯಲ್ಲಿ ಬಂದ ಬಿಬಿಸಿ ಮೈಕ್ರೋದಲ್ಲಿ ಹೊರಗಿನ ಸೆನ್ಸರ್ ಜೋಡಿಸಲು ಅನಲಾಗ್ ಪೋರ್ಟ್ ಇತ್ತು. ಉಷ್ಣತೆಯ ಸೆನ್ಸರನ್ನು ಅದಕ್ಕೆ ಸಿಕ್ಕಿಸಿ ಪರದೆಯ ಮೇಲೆ ಗ್ರಾಫ್ ನೋಡಬಹುದಿತ್ತು. ಅದನ್ನು ಮಾಡಿದ ಏಕಾರ್ನ್ ಕಂಪನಿಯಲ್ಲೇ ಮುಂದೆ ಆರ್ಮ್ ಚಿಪ್ ಹುಟ್ಟಿತು. ಮೈಕ್ರೋಬಿಟ್‌ನಲ್ಲಿರುವುದೂ ಆರ್ಮ್ ವಿನ್ಯಾಸದ ಚಿಪ್ಪೇ. ನಡುವೆ 2000ದ ದಶಕದಲ್ಲಿ ಇಲ್ಲಿನ ಶಾಲೆಗಳಿಗೆಲ್ಲ ಇಂಟರಾಕ್ಟಿವ್ ವೈಟ್‌ಬೋರ್ಡುಗಳು ಬಂದವು. ಅದರಲ್ಲಿ ಮುಕ್ಕಾಲು ಪಾಲು ದುಬಾರಿ ಕರಿಹಲಗೆ ಅಷ್ಟೇ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಉತ್ತರ ಬರೆಯಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ಟೆಮ್ ಅಂಬಾಸಡರ್ ಎಂಬ ಸ್ವಯಂಸೇವಕರ ಯೋಜನೆ ಇದೆ. ವಿಜ್ಞಾನ, ಇಂಜಿನಿಯರಿಂಗ್ ಕೆಲಸದಲ್ಲಿರುವವರು ಹೆಸರು ಕೊಟ್ಟು, ಪೊಲೀಸ್ ದಾಖಲೆಯ ತಪಾಸಣೆ ಮುಗಿಸಿಕೊಂಡು ಶಾಲೆಗಳಿಗೆ ಹೋಗಿ ನೆರವಾಗಬಹುದು. ಹಾಗೆ ಹೆಸರು ಕೊಟ್ಟ ನಾನು ಲೀಡ್ಸ್‌ನ ಒಂದು ಸೆಕೆಂಡರಿ ಶಾಲೆಗೆ ಹೋಗಿದ್ದೆ. ಹದಿನಾಲ್ಕು ಜೋಡಿ ಮಕ್ಕಳು, ಹದಿನಾಲ್ಕು ಮೈಕ್ರೋಬಿಟ್. ಅವತ್ತಿನ ಕೆಲಸ ಕೋಣೆಯ ಉಷ್ಣತೆ ಅಳೆಯುವುದು. ಪ್ರೋಗ್ರಾಮ್ ಎಂದರೆ ಮೂರು ಬ್ಲಾಕ್ ಅಷ್ಟೇ: ಸದಾ ನಡೆಸು, ಅಂಕಿ ತೋರಿಸು, ಉಷ್ಣತೆ. ಐದು ನಿಮಿಷದಲ್ಲಿ ಎಲ್ಲರದ್ದೂ ಸಿದ್ಧ.

ಗೋಡೆಯ ಥರ್ಮಾಮೀಟರ್ 20 ಡಿಗ್ರಿ ತೋರಿಸುತ್ತಿತ್ತು. ಮಕ್ಕಳ ಬೋರ್ಡುಗಳು? ಒಂದು 23, ಒಂದು 24, ಕಿಟಕಿಯ ಹತ್ತಿರದ್ದು 26, ಮೂಲೆಯ ಜೋಡಿಯದ್ದು 19. ತರಗತಿಯಲ್ಲಿ ಗಲಾಟೆಯೋ ಗಲಾಟೆ. "ಯಾವುದು ಸರಿ?" ಎಂದು ಎಲ್ಲರೂ ನನ್ನ ಮುಖ ನೋಡಿದರು.

ನನಗೆ ತಕ್ಷಣ ಹೊಳೆದದ್ದು ಸಾಫ್ಟ್‌ವೇರಿನವನ ಉಪಾಯ. 24 ತೋರಿಸುವವರು ಪ್ರೋಗ್ರಾಮಿನಲ್ಲಿ 4 ಕಳೆಯಿರಿ, 23 ತೋರಿಸುವವರು 3 ಕಳೆಯಿರಿ, 19ರವರು 1 ಕೂಡಿಸಿ, ಮುಗಿಯಿತು! ಎಲ್ಲರದ್ದೂ 20 ಆಗುತ್ತದೆ. ಹೇಳಲು ಬಾಯಿ ತೆರೆದಿದ್ದೆ. ಟೀಚರ್ ಮೆಲ್ಲಗೆ ತಲೆಯಾಡಿಸಿ ನನ್ನನ್ನು ತಡೆದು, ಮಕ್ಕಳ ಕಡೆ ತಿರುಗಿ, "ಏಕೆ ಹೀಗೆ ಅಂತ ಹೇಗೆ ಕಂಡುಹಿಡಿಯೋಣ?" ಎಂದು ಕೇಳಿದರು. ಮುಂದಿನ ಅರ್ಧ ಗಂಟೆ ನನಗೆ ಮಾಡಲು ಏನೂ ಕೆಲಸವಿರಲಿಲ್ಲ.

ಒಬ್ಬ ಕೈಯ ಬಿಸಿ ಎಂದ. ಬೋರ್ಡನ್ನು ಮೇಜಿನ ಮೇಲಿಟ್ಟು ದೂರ ನಿಂತರು, ಅಂಕಿ ಇಳಿಯಲಿಲ್ಲ. ಇನ್ನೊಬ್ಬಳು ಬಿಸಿಲು ಎಂದಳು. ಕಿಟಕಿಯ ಬೋರ್ಡನ್ನು ನೆರಳಿಗೆ ತಂದರು, ಒಂದು ಡಿಗ್ರಿ ಇಳಿಯಿತು, ಅಷ್ಟೇ. ಆಮೇಲೆ ಒಂದು ಹುಡುಗಿ ತನ್ನ ಬೋರ್ಡಿನ ವೈರ್ ಕಿತ್ತು ಸುಮ್ಮನೆ ಕೂತಳು. ಹತ್ತು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿದಾಗ ಮೊದಲಿಗಿಂತ ಕಡಿಮೆ ಅಂಕಿ ಬಂತು, ನೋಡ ನೋಡುತ್ತಿದ್ದಂತೆ ಮತ್ತೆ ಏರಿತು. "ಇದು ಕೋಣೆಯ ಬಿಸಿ ಹೇಳ್ತಾ ಇಲ್ಲ, ತನ್ನ ಮೈಬಿಸಿ ಹೇಳ್ತಾ ಇದೆ" ಎಂದಳು. (ಅವಳು ಹೇಳಿದ್ದು ಯಾರ್ಕ್‌ಶೈರ್ ಇಂಗ್ಲಿಷಿನಲ್ಲಿ, ಕನ್ನಡ ನನ್ನದು.)

ಅದೇ ಸರಿ. ಮೈಕ್ರೋಬಿಟ್‌ನಲ್ಲಿ ಪ್ರತ್ಯೇಕ ಥರ್ಮಾಮೀಟರ್ ಇಲ್ಲ. ಸೆನ್ಸರ್ ಇರುವುದು ಪ್ರೊಸೆಸರ್ ಚಿಪ್ಪಿನ ಒಳಗೆ. ಹೀಗಾಗಿ ಅದು ಅಳೆಯುವುದು ಚಿಪ್ಪಿನ ಉಷ್ಣತೆಯನ್ನು. ಸಾಲದ್ದಕ್ಕೆ ಒಂದು ಚಿಪ್ ಇನ್ನೊಂದರ ಹಾಗಿರುವುದಿಲ್ಲ. ಮೊದಲ ಆವೃತ್ತಿಯಲ್ಲಿ 4 ಡಿಗ್ರಿ ಅತ್ತಿತ್ತ ಇರಬಹುದು ಎಂದು ತಯಾರಿಸಿದವರ ದಾಖಲೆಯಲ್ಲೇ ಇದೆ.

"ಹಾಗಾದರೆ ಇದನ್ನು ಕಸಕ್ಕೆ ಹಾಕೋಣವೇ?" ಎಂದು ಟೀಚರ್ ಕೇಳಿದರು. ಬೇಡ ಎಂದು ತೀರ್ಮಾನವಾಯಿತು. ಒಂದೇ ಬೋರ್ಡನ್ನು ಮೊದಲು ಕಪ್ಪು ಕಾಗದದ ಕೆಳಗೆ, ಆಮೇಲೆ ಬಿಳಿ ಕಾಗದದ ಕೆಳಗೆ ಬಿಸಿಲಿನಲ್ಲಿಟ್ಟರೆ ಎರಡರ ನಡುವಿನ ವ್ಯತ್ಯಾಸವನ್ನು ನಂಬಬಹುದಲ್ಲ! ನಮ್ಮ ಮನೆಯ ಗಡಿಯಾರ ಐದು ನಿಮಿಷ ಮುಂದಿದ್ದರೂ ಅನ್ನ ಬೇಯಲು ಎಷ್ಟು ಹೊತ್ತು ಹಿಡಿಯಿತು ಎನ್ನುವುದನ್ನು ಸರಿಯಾಗಿಯೇ ಹೇಳುತ್ತದೆ. ಆದರೆ ಅದನ್ನು ನೋಡಿಕೊಂಡು ರೈಲು ಹಿಡಿಯಲು ಹೊರಟರೆ ಸ್ಟೇಷನ್‌ನಲ್ಲಿ ಐದು ನಿಮಿಷ ಚಳಿಯಲ್ಲಿ ನಿಲ್ಲಬೇಕಾಗುತ್ತದೆ. ಯಾವ ತಪ್ಪು ಯಾವ ಕೆಲಸಕ್ಕೆ ಅಡ್ಡಿ, ಯಾವುದಕ್ಕೆ ಅಲ್ಲ ಎಂಬುದನ್ನು ಆ ಮಕ್ಕಳು ಹನ್ನೊಂದನೇ ವಯಸ್ಸಿಗೆ ಚರ್ಚಿಸುತ್ತಿದ್ದರು.

ಮನೆಗೆ ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನಾಚಿಕೆಯಾಯಿತು. ಏಕೆಂದರೆ ಆ "4 ಕಳೆಯಿರಿ" ಉಪಾಯ ನನಗೆ ಎಲ್ಲಿಂದ ಬಂತು ಎಂದು ಗೊತ್ತಿತ್ತು. ಪಿಯುಸಿಯಲ್ಲಿ ಸರಳ ಲೋಲಕದ ಪ್ರಯೋಗ ಇತ್ತು, ನಿಮ್ಮಲ್ಲೂ ಅನೇಕರು ಮಾಡಿರುತ್ತೀರಿ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಾಡಿಸಿ, ಗುರುತ್ವದ ಬೆಲೆ ಕಂಡುಹಿಡಿಯುವುದು. ಉತ್ತರ 980 ಬರಬೇಕು ಎಂದು ಎಲ್ಲರಿಗೂ ಮೊದಲೇ ಗೊತ್ತು. ನಲವತ್ತು ಹುಡುಗರು, ನಾಲ್ಕು ಸ್ಟ್ಯಾಂಡ್, ಎರಡು ಗಂಟೆ. ನಾವು 980ರಿಂದ ಹಿಂದಕ್ಕೆ ಲೆಕ್ಕ ಹಾಕಿ, ಅನುಮಾನ ಬಾರದಿರಲಿ ಎಂದು ಒಂದೆರಡು ಕಡೆ ಸ್ವಲ್ಪ ಏರುಪೇರು ಮಾಡಿ ಟೇಬಲ್ ತುಂಬಿಸುತ್ತಿದ್ದೆವು. 'ರೀಡಿಂಗ್ ಬೇಯಿಸುವುದು' ಎಂದೇ ಅದಕ್ಕೆ ಹೆಸರು. ನನ್ನ ರೆಕಾರ್ಡ್ ಪುಸ್ತಕಕ್ಕೆ ಪೂರ್ತಿ ಅಂಕ ಬಂತು. ಲೋಲಕವನ್ನು ನಾನು ಮುಟ್ಟಿರಲೇ ಇಲ್ಲ. ಇಂಜಿನಿಯರಿಂಗ್ ಪದವಿಯೂ ಬಹುಮಟ್ಟಿಗೆ ಹೀಗೇ ಮುಗಿಯಿತು.

ಇದೇ ಕಾರಣಕ್ಕೆ ಸಿಮ್ಯುಲೇಷನ್‌ಗಳ ಬಗ್ಗೆ ಒಂದು ಮಾತು. ನೊಬೆಲ್ ಪ್ರಶಸ್ತಿ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಎಂಬ ಯೋಜನೆ ಇದೆ. ಅದರ ಸಿಮ್ಯುಲೇಷನ್‌ಗಳನ್ನು ಇಲ್ಲಿನ ಶಾಲೆಗಳೂ ಬಳಸುತ್ತವೆ, ಕೆಲವು ಕನ್ನಡದಲ್ಲೂ ಇವೆ. ಅಜ್ಜ-ಅಜ್ಜಿ ಬಂದಾಗ ಮೊಮ್ಮಕ್ಕಳ ಜೊತೆ ಕೂರಿಸಲು ಇದಕ್ಕಿಂತ ಒಳ್ಳೆಯದು ಕಡಿಮೆ. ಕಣ್ಣಿಗೆ ಕಾಣದ ಪರಮಾಣು, ವಿದ್ಯುತ್ ಪ್ರವಾಹ ಇಂಥದ್ದನ್ನು ತೋರಿಸಲು ಅವು ಬಹಳ ಚೆನ್ನ. ಅಲ್ಲೂ ಒಂದು ಲೋಲಕ ಇದೆ, ಚಂದ್ರನ ಮೇಲೆ, ಗುರುಗ್ರಹದ ಮೇಲೆ ಕೂಡ ತೂಗಾಡಿಸಬಹುದು. ಆದರೆ ಅದರಲ್ಲಿ ಭೂಮಿಯ ಗುರುತ್ವ 'ಅಳೆದರೆ' ಸಿಗುವುದೇನು? ಪ್ರೋಗ್ರಾಮ್ ಬರೆದವನು ಒಳಗೆ ಇಟ್ಟಿದ್ದ ಅಂಕಿಯೇ ಹೊರಗೆ ಬರುತ್ತದೆ. ದಿನವಿಡೀ ಅಂಥ ಅಂಕಿಗಳನ್ನು ಟೈಪ್ ಮಾಡುವವನು ನಾನು, ನನಗೆ ಗೊತ್ತು! ವಿವರಿಸಲು ಸಿಮ್ಯುಲೇಷನ್ ಬಳಸಲಿ. ಅಳೆಯುವುದಕ್ಕೆ ಮಾತ್ರ ಅಳೆದರೆ ತಪ್ಪು ಬರಬಲ್ಲಂಥ ನಿಜವಾದ ವಸ್ತು ಬೇಕು.

ಪರೀಕ್ಷೆಯ ಚಿಂತೆ ಇರುವ ತಂದೆತಾಯಿಗಳಿಗೆ (ನಮ್ಮವರಲ್ಲಿ ಇಲ್ಲದವರು ಯಾರು?): ಇಂಗ್ಲೆಂಡಿನಲ್ಲಿ 2018ರಿಂದ ನಡೆಯುತ್ತಿರುವ ಹೊಸ ಮಾದರಿಯ ಜಿಸಿಎಸ್‌ಇ ವಿಜ್ಞಾನ ಪರೀಕ್ಷೆಗಳಲ್ಲಿ ಕನಿಷ್ಠ 15 ಶೇಕಡಾ ಅಂಕಗಳು ಪ್ರಯೋಗಗಳ ಕುರಿತ ಪ್ರಶ್ನೆಗಳಿಗೆ. ಈ ಅಳತೆಯಲ್ಲಿ ತಪ್ಪು ಎಲ್ಲಿಂದ ಬಂದಿರಬಹುದು, ಹೇಗೆ ಸುಧಾರಿಸುತ್ತೀಯ ಎಂಬಂಥವು ಅವು. ಟ್ಯೂಷನ್‌ನಲ್ಲಿ ಇದಕ್ಕೆ ಉತ್ತರ ಬಾಯಿಪಾಠ ಮಾಡಿಸಬಹುದೇನೋ. ಮೇಲಿನ ಹುಡುಗಿಗೆ ಅದರ ಅಗತ್ಯ ಬೀಳಲಿಕ್ಕಿಲ್ಲ.

ನನ್ನ ಹಳೆಯ ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಅವಕಾಶ ಕಳೆದ ಬೇಸಿಗೆ ರಜೆಯಲ್ಲಿ ಸಿಕ್ಕಿತು. ಮ್ಯಾಂಚೆಸ್ಟರಿನ ನಮ್ಮ ಮನೆಯಲ್ಲಿ ಮಗಳು, ಬೆಂಗಳೂರಿನಲ್ಲಿ ನನ್ನ ಅಣ್ಣನ ಮಗ. ಇಬ್ಬರೂ ಒಂದು ಮೀಟರ್ ಉದ್ದದ ಲೋಲಕ ಕಟ್ಟಿ, ಸಣ್ಣದಾಗಿ ತೂಗಿಬಿಟ್ಟು, 100 ತೂಗಾಟಕ್ಕೆ ಎಷ್ಟು ಸೆಕೆಂಡ್ ಎಂದು ಫೋನಿನಲ್ಲಿ ನೋಡುವುದು. ಭೂಮಿ ತಿರುಗುವುದರಿಂದ, ಸಮಭಾಜಕದ ಹತ್ತಿರ ಉಬ್ಬಿರುವುದರಿಂದ ಬೆಂಗಳೂರಿನಲ್ಲಿ ಗುರುತ್ವ ಸ್ವಲ್ಪ ಕಡಿಮೆ, ಸುಮಾರು 9.78. ಮ್ಯಾಂಚೆಸ್ಟರಿನಲ್ಲಿ ಸುಮಾರು 9.81. ಲೆಕ್ಕದ ಪ್ರಕಾರ ಇಲ್ಲಿ 200.6 ಸೆಕೆಂಡ್, ಅಲ್ಲಿ 200.9. ವ್ಯತ್ಯಾಸ ಸೆಕೆಂಡಿನ ಮೂರನೇ ಒಂದು ಭಾಗ! 1672ರಲ್ಲಿ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ ಜಾನ್ ರಿಶೇ ಎಂಬ ಖಗೋಳ ವಿಜ್ಞಾನಿಯ ಲೋಲಕದ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿದ್ದದ್ದು ಇದೇ ಕಾರಣಕ್ಕೆ.

ಉತ್ತರ ಹೇಗಿರಬೇಕು ಎಂದು ಮಕ್ಕಳಿಗೆ ನಾನು ಹೇಳಲಿಲ್ಲ. ಕಷ್ಟಪಟ್ಟು ಬಾಯಿ ಮುಚ್ಚಿಕೊಂಡೆ. ಮೊದಲ ದಿನದ ಫಲಿತಾಂಶ ಪೂರ್ತಿ ಉಲ್ಟಾ. ಬೆಂಗಳೂರಿನದ್ದು 199.9, ಇಲ್ಲಿಯದ್ದು 200.6. ಬೆಂಗಳೂರಿನಲ್ಲೇ ಗುರುತ್ವ ಜಾಸ್ತಿ ಎಂದು ಅಣ್ಣನ ಮಗ ಘೋಷಿಸಿಯೂ ಬಿಟ್ಟ. ಮಗಳು ಒಪ್ಪಲಿಲ್ಲ. ವಾಟ್ಸ್‌ಆಪ್ ವಿಡಿಯೋದಲ್ಲಿ ಒಬ್ಬರ ಲೋಲಕವನ್ನು ಇನ್ನೊಬ್ಬರು ತಪಾಸಣೆ ಮಾಡಿದರು. ಕೊನೆಗೆ ಸಿಕ್ಕಿತು. ಇವಳು ಗುಂಡಿನ ನಡುವಿನವರೆಗೆ ಒಂದು ಮೀಟರ್ ಅಳೆದಿದ್ದಳು, ಅವನು ಗುಂಡಿನ ತಳದವರೆಗೆ. ಒಂದು ಸೆಂಟಿಮೀಟರ್ ವ್ಯತ್ಯಾಸ, ಅದು ನೂರು ತೂಗಾಟದಲ್ಲಿ ಒಂದು ಸೆಕೆಂಡನ್ನೇ ನುಂಗಿತ್ತು.

ದಾರ ಸರಿಮಾಡಿಕೊಂಡ ಮೇಲೆ ಐದು ದಿನ ಮತ್ತೆ ಅಳೆದರು. ಒಂದು ದಿನ ವ್ಯತ್ಯಾಸ ಅರ್ಧ ಸೆಕೆಂಡ್, ಇನ್ನೊಂದು ದಿನ ಬರೀ 0.1, ಆದರೆ ಐದೂ ದಿನ ಬೆಂಗಳೂರಿನದ್ದೇ ನಿಧಾನ. ಇದು ನಿಜವಾಗಿ ಗುರುತ್ವವೋ ಅಥವಾ ಬೆರಳು ಬಟನ್ ಒತ್ತುವಲ್ಲಿನ ಹೆಚ್ಚುಕಡಿಮೆಯೋ ಎಂದು ಇಬ್ಬರೂ ಇನ್ನೂ ವಾದ ಮಾಡುತ್ತಿದ್ದಾರೆ. ಬೆರಳಿನ ಬದಲು ಮೈಕ್ರೋಬಿಟ್‌ನ ಬೆಳಕಿನ ಸೆನ್ಸರ್ ಮುಂದೆ ಗುಂಡು ಹಾದುಹೋಗುವಂತೆ ಮಾಡಿ ಎಣಿಸಬೇಕೆಂದು ಮಗಳು ಪ್ರೋಗ್ರಾಮ್ ಬರೆಯುತ್ತಿದ್ದಾಳೆ. ಅದು ಸದ್ಯಕ್ಕೆ ಮೂರು ತೂಗಾಟದಲ್ಲಿ ಒಂದನ್ನು ಎಣಿಸುವುದನ್ನೇ ಮರೆಯುತ್ತದೆ.

ಮುಂದಿನದು ನೀರು ಕುದಿಯುವ ಉಷ್ಣತೆಯಂತೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬೇಕು. ಅದಕ್ಕೆ ಮೈಕ್ರೋಬಿಟ್ ನೀರಿಗೆ ಹಾಕುವಂತಿಲ್ಲ, ಅಡುಗೆಮನೆಯ ಥರ್ಮಾಮೀಟರ್ ಬೇಕು. ಅದಕ್ಕೂ ಮೊದಲು ನಮ್ಮ ಅತ್ತಿಗೆ ಅವನನ್ನು ಒಲೆಯ ಹತ್ತಿರ ಬಿಡಬೇಕು.